ನಮಗೆ ಕರುಣೆ, ಅವರಿಗೆ ಗುಂಡು (ಭಾಗ 3)

ಎಲ್ಲಾದರೂ ಒಂದು ಹೆಣ್ಣುಮಗಳ ಮೇಲೆ ದೌರ್ಜನ್ಯ ಆಯ್ತು ಅನ್ನೋ ಸುದ್ದಿ ಬಂದ ಅರ್ಧ ಗಂಟೆಯೊಳಗೆ ನಿಮ್ಮ ಸ್ಟೋರಿ ರೆಡಿ: "ಕೋರ್ಟು ಗೀರ್ಟು ಬ್ಯಾಡ, ಎನ್‌ಕೌಂಟರ್ ಮಾಡ್ರಿ." ಅದೇ ಅಕೌಂಟಿನ ಮುಂದಿನ ಸ್ಟೋರಿ ಕೊಟ್ಟೂರೇಶ್ವರನ ಫೋಟೊ. ಕೆಳಗೆ "ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊ ತಂದೆ." ಎರಡರ ನಡುವೆ ಒಂದು ಸ್ವೈಪ್. ನನ್ನ ಜಗಳ ಆ ಸ್ವೈಪ್ ಜೊತೆ.

ಸಿಟ್ಟು ಬರಬಾರದು ಅಂತ ಹೇಳ್ತಿಲ್ಲ, ಬರಲೇಬೇಕು. ಆದ್ರೆ 2019ರ ಡಿಸೆಂಬರ್ 6 ನೆನಪು ಮಾಡ್ಕೊಳ್ರಿ. ಹೈದರಾಬಾದಿನ ಪಶುವೈದ್ಯೆಯ ಅತ್ಯಾಚಾರ, ಕೊಲೆ ಕೇಸಿನ ನಾಲ್ವರು ಆರೋಪಿಗಳನ್ನು ಪೊಲೀಸರು ಬೆಳಗಿನ ಜಾವ ಗುಂಡಿಟ್ಟು ಕೊಂದರು. ನಾವಾಗ ಹೈಸ್ಕೂಲು. ಕಮಿಷನರ್ ನಮ್ಮ ಹುಬ್ಬಳ್ಳಿಯವರು ಅಂತ ಗೊತ್ತಾಗಿದ್ದೇ ತಡ, ಹಡಗಲಿಯಿಂದ ಹರಪನಹಳ್ಳಿ ತನಕ ಎಲ್ಲರ ಸ್ಟೇಟಸ್ಸಲ್ಲೂ ಅವರದೇ ಫೋಟೊ. 2022ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗದ ವರದಿ ಬಂತು. ಪೊಲೀಸರ ಕಥೆ ನಂಬೋ ಹಂಗಿಲ್ಲ, ಕೊಲ್ಲೋ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ, ಸತ್ತವರಲ್ಲಿ ಮೂವರು ಅಪ್ರಾಪ್ತರು, ಹತ್ತು ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೀಬೇಕು ಅಂತ ಅದರಲ್ಲಿತ್ತು. ಇದನ್ನ ಎಷ್ಟು ಜನ ಸ್ಟೇಟಸ್ ಹಾಕಿದ್ರಿ?

ನಾವು ಬಿಕಾಂನವರು. ವೋಚರ್ ಇಲ್ಲದೆ ನೂರು ರೂಪಾಯಿ ಖರ್ಚು ಬರೆದ್ರೆ ಆಡಿಟರ್ ಬಿಡಲ್ಲ ಅಂತ ಓದ್ತೀವಿ. ತಪ್ಪು ಎಂಟ್ರಿ ಆದ್ರೆ ಸರಿಪಡಿಸೋಕೆ ಇನ್ನೊಂದು ಎಂಟ್ರಿ ಐತಿ. ಗುಂಡಿಗೆ ಆ ಎಂಟ್ರಿ ಎಲ್ಲೈತಿ?

ದೇವರಿಗೆ ಎಲ್ಲಾ ಕಾಣುತ್ತೆ ಅಂತ ನಂಬ್ತೀರಿ. ಎಲ್ಲಾ ಕಾಣೋನು ಕಾಯ್ತಾನೆ, ತಿದ್ದಿಕೊಳ್ಳೋಕೆ ಟೈಮ್ ಕೊಡ್ತಾನೆ. ಏನೂ ಕಾಣದ ನಾವು ಬೆಳಗಾಗೋದ್ರೊಳಗೆ ತೀರ್ಪು ಕೊಟ್ಟುಬಿಡ್ತೀವಿ. ವಕೀಲ, ಅಪೀಲು, ಕೊನೆಗೆ ಸಂವಿಧಾನದ 72ನೇ ವಿಧಿಯಲ್ಲಿ ರಾಷ್ಟ್ರಪತಿಗೆ ಕ್ಷಮಾದಾನದ ಅರ್ಜಿ, ಇವೆಲ್ಲಾ ಇಟ್ಟಿದ್ದೇ ಮನುಷ್ಯನ ಕಣ್ಣಿಗೆ ಪೂರ್ತಿ ಕಾಣಲ್ಲ ಅಂತ. ದೇವರ ಕಣ್ಣಿಲ್ಲದೆ ದೇವರ ಕುರ್ಚಿ ಮಾತ್ರ ಬೇಕು ನಿಮಗೆ.

"ದೇವರೂ ರಾಕ್ಷಸರನ್ನ ಕೊಂದಿಲ್ವಾ?" ಅಂತ ಕಳೆದ ಭಾಗಕ್ಕೆ ಒಬ್ಬರು ಕಾಮೆಂಟ್ ಮಾಡಿದ್ರು. ಕೊಂದಿದ್ದಾನೆ. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರಲಿಂಗನ ಕಥೆಯೇ ಮಣಿ, ಮಲ್ಲ ಅನ್ನೋ ಅಸುರರನ್ನ ಕೊಂದದ್ದು. ಆದ್ರೆ ಕಥೆ ಪೂರ್ತಿ ಓದ್ರಿ. ಸಂಸ್ಕೃತದ ಮಲ್ಲಾರಿ ಮಾಹಾತ್ಮ್ಯದಲ್ಲಿ ಸಾಯೋ ಹೊತ್ತಿಗೆ ಮಣಿ ಪಶ್ಚಾತ್ತಾಪ ಪಟ್ಟು ಬೇಡಿಕೊಳ್ತಾನೆ, ದೇವರು ಅವನಿಗೆ ತನ್ನ ಗುಡಿಯಲ್ಲೇ ಜಾಗ ಕೊಡ್ತಾನೆ. ಅಸುರನಿಗೂ ಕೊನೇ ಮಾತು ಹೇಳೋಕೆ ಅವಕಾಶ ಇತ್ತು. (ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದ ಕೂಡಲೇ ಅಷ್ಟು ಜನ ಸುಮ್ಮನಾಗ್ತಾರೆ. ನಮ್ಮ ಬೆರಳಿಗೂ ಒಬ್ಬ ಗೊರವಯ್ಯ ಬೇಕಾಗಿತ್ತು.)

ಇನ್ನೊಂದು ಮಾತು: "ನಿನ್ನ ಮನೇಲಿ ಆಗಿದ್ರೆ ಗೊತ್ತಾಗ್ತಿತ್ತು." ಇದು ಗಟ್ಟಿ ಪ್ರಶ್ನೆ, ಒಪ್ತೀನಿ. ಕೂಡ್ಲಿಗಿಯವರು ದಿನಾ ಗಾಂಧೀಜಿ ಚಿತಾಭಸ್ಮ ಇರೋ ಹುತಾತ್ಮರ ಸ್ಮಾರಕದ ಮುಂದೆ ಓಡಾಡ್ತೀರಿ. ಆ ಮನೇಲಿ ಆಗಿತ್ತು. ಅಪ್ಪನನ್ನ ಕೊಂದ ಗೋಡ್ಸೆಗೆ ಗಲ್ಲು ಬೇಡ ಅಂತ ಮಕ್ಕಳಾದ ಮಣಿಲಾಲ್, ರಾಮದಾಸ್ ಕೇಳಿಕೊಂಡರು. ಸರ್ಕಾರ ಒಪ್ಪಲಿಲ್ಲ, 1949ರ ನವೆಂಬರ್ 15ರಂದು ಅಂಬಾಲಾ ಜೈಲಲ್ಲಿ ನೇಣಾಯ್ತು. ಮಗಳನ್ನ ಕಳೆದುಕೊಂಡ ಎಲ್ಲಾ ತಾಯಂದಿರೂ ಹಂಗೇ ಕ್ಷಮಿಸಬೇಕು ಅಂತ ಹೇಳೋ ಹಕ್ಕು ನನಗಿಲ್ಲ. ಆಕೆಯ ಸಿಟ್ಟು ಆಕೆಯದು. ಆಕೆಯ ಸಂಕಟ ನಿಮ್ಮ ರೀಲ್ಸಿಗೆ ಹಿನ್ನೆಲೆ ಸಂಗೀತ ಅಲ್ಲ.

ಗುಂಡು ಯಾರಿಗೆ ಬೀಳುತ್ತೆ ಅಂತಾನೂ ನೋಡ್ರಿ. ಕಾನೂನು ಪ್ರಕಾರ ಗಲ್ಲು ಶಿಕ್ಷೆ ಆದವರಲ್ಲೇ ಸುಮಾರು 74 ಪ್ರತಿಶತ ಆರ್ಥಿಕವಾಗಿ ದುರ್ಬಲರು ಅಂತ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ಅಧ್ಯಯನ ಹೇಳುತ್ತೆ. ಶಾಸಕರ ಮಗನ ಎನ್‌ಕೌಂಟರ್ ಆಗಿದ್ದು ಕೇಳಿದ್ದೀರಾ?

ಕೋರ್ಟು ಲೇಟು, ನಿಜ. ಪೋಕ್ಸೊ ಕೇಸು ಸಾಧ್ಯವಾದಷ್ಟು ಒಂದು ವರ್ಷದೊಳಗೆ ಮುಗೀಬೇಕು ಅಂತ ಕಾನೂನಲ್ಲೇ ಐತಿ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಯಾವ ಠಾಣೆಯ ಕೇಸೇ ಇರಲಿ, ಚಾರ್ಜ್‌ಶೀಟ್ ಹಾಕಿದ್ರಾ, ಹುಡುಗಿ ಮತ್ತೆ ಕಾಲೇಜಿಗೆ ಬರ್ತಿದ್ದಾಳಾ, ಸಾಕ್ಷಿಗೆ ಯಾರಾದ್ರೂ ಬೆದರಿಕೆ ಹಾಕ್ತಿದ್ದಾರಾ ಅಂತ ಆರು ತಿಂಗಳಾದ ಮೇಲೆ ಒಂದು ಸ್ಟೋರಿ ಹಾಕ್ರಿ. ಟ್ಯಾಗ್ ಮಾಡ್ರಿ, ನಾನೇ ಮೊದಲು ಶೇರ್ ಮಾಡ್ತೀನಿ.