ವಿಕಾರಕ್ಕೂ ಕಲೆಯಲ್ಲಿ ಮಣೆ ಬೇಕು

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಪ್ರತಿವರ್ಷ ನಡೆಯುವ ಚಿತ್ರಸಂತೆಗೆ ನಾನು ತಪ್ಪದೆ ಹೋಗುತ್ತೇನೆ. ಕಲೆಯನ್ನು ಗ್ಯಾಲರಿಯ ಗೋಡೆಗಳಿಂದ ಬಿಡಿಸಿ ಬೀದಿಗೆ ತಂದ ಈ ಸಂತೆಯ ಬಗ್ಗೆ ನನಗೆ ಗೌರವವಿದೆ. ಕೆಲವು ವರ್ಷಗಳ ಹಿಂದೆ ಅಲ್ಲೊಂದು ಚಿತ್ರ ಕಂಡೆ. ಕಪ್ಪು ಶಾಯಿಯಲ್ಲಿ ಬರೆದ ಮುದುಕಿಯೊಬ್ಬಳ ಮುಖ. ಗುಳಿಬಿದ್ದ ಕೆನ್ನೆ, ಹಲ್ಲಿಲ್ಲದ ಬಾಯಿ, ಯಾರನ್ನೋ ಕಾದು ಕಾದು ಸೋತ ಕಣ್ಣು. ಪಕ್ಕದಲ್ಲಿ ನಿಂತಿದ್ದ ಗೃಹಸ್ಥರೊಬ್ಬರು, ‘ಚೆನ್ನಾಗೇನೋ ಬರೆದಿದ್ದಾರೆ, ಆದರೆ ಇಂಥದ್ದನ್ನು ಮನೆಯಲ್ಲಿ ಹಾಕಿಕೊಳ್ಳೋಕಾಗುತ್ತಾ?’ ಎಂದು ಪತ್ನಿಯನ್ನು ಕೇಳಿ ಮುಂದೆ ನಡೆದರು. ನನಗೆ ಒಳಗೊಳಗೇ ಸಿಟ್ಟು ಬಂತು. ಆದರೆ ನಾನೂ ಅದನ್ನು ಕೊಳ್ಳಲಿಲ್ಲ. ಕೊಂಡು ತಂದದ್ದು ಕಮಲ ಅರಳಿದ ಕೊಳದ ಚಿತ್ರವನ್ನು.

ಕಲೆ ಎಂದರೆ ಕಣ್ಣಿಗೆ ಹಿತವಾಗಿರಬೇಕು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಸೋಜಿಗವೆಂದರೆ, ಇದು ನಮ್ಮ ಪರಂಪರೆ ಕಲಿಸಿದ ಪಾಠವಲ್ಲ. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಶೃಂಗಾರದ ಪಂಕ್ತಿಯಲ್ಲೇ ಭಯಾನಕ ಮತ್ತು ಬೀಭತ್ಸಗಳಿಗೂ ಎಲೆ ಹಾಕಲಾಗಿದೆ. ಬೀಭತ್ಸದ ಸ್ಥಾಯಿಭಾವ ಜುಗುಪ್ಸೆ. ಲೋಕದಲ್ಲಿ ಮೂಗು ಮುಚ್ಚಿಕೊಳ್ಳುವಂತೆ ಮಾಡುವುದೂ ಕಲೆಯಲ್ಲಿ ಆಸ್ವಾದ್ಯವಾಗಬಲ್ಲದು ಎಂದು ನಮ್ಮ ಹಿರಿಯರು ಒಪ್ಪಿದ್ದರು. ಅಂದರೆ, ವಸ್ತುವಿನ ಚೆಲುವು ಬೇರೆ, ಕೃತಿಯ ಚೆಲುವು ಬೇರೆ.

ಈ ತತ್ತ್ವವನ್ನು ತಿಳಿಯಲು ಗ್ರಂಥವನ್ನೇ ಓದಬೇಕಿಲ್ಲ. ಕರಾವಳಿಯ ಯಕ್ಷಗಾನದ ಚೌಕಿಗೆ ಹೋದರೆ ಸಾಕು. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಮುಳ್ಳಿನಂತೆ ಚಿಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂರುತ್ತಾನೆ. ಅಷ್ಟು ಶ್ರದ್ಧೆಯಿಂದ ಅವನು ಕಟ್ಟುತ್ತಿರುವುದು ರಕ್ಕಸನ ಮುಖವನ್ನು. ತೆರೆಯ ಹಿಂದಿನಿಂದ ಅವನ ಆರ್ಭಟ ಕೇಳಿದಾಗ ಮಕ್ಕಳು ತಾಯಿಯ ಮಡಿಲಿಗೆ ಸರಿಯುತ್ತವೆ, ಆದರೆ ಕಣ್ಣು ಮುಚ್ಚುವುದಿಲ್ಲ. ರಕ್ಕಸನಿಗೆ ಸುಂದರ ಮುಖ ಬರೆದಿದ್ದರೆ ಆ ವೇಷ ಕೆಡುತ್ತಿತ್ತು.

ವಿಕಾರವನ್ನು ಕಲೆಯಿಂದ ಗಡಿಪಾರು ಮಾಡಹೊರಟವರ ಚರಿತ್ರೆಯನ್ನೂ ನೆನೆಯಬೇಕು. 1937ರ ಜುಲೈನಲ್ಲಿ ಮ್ಯೂನಿಕ್ ನಗರದಲ್ಲಿ ನಾಜಿ ಆಡಳಿತ ಎರಡು ಪ್ರದರ್ಶನಗಳನ್ನು ಒಂದು ದಿನದ ಅಂತರದಲ್ಲಿ ತೆರೆಯಿತು. ಒಂದರಲ್ಲಿ ಆಡಳಿತ ಮೆಚ್ಚಿದ ಕಲೆ: ಕಟ್ಟುಮಸ್ತಾದ ದೇಹಗಳು, ನೆಮ್ಮದಿಯ ರೈತ ಕುಟುಂಬಗಳು. ಇನ್ನೊಂದರಲ್ಲಿ ‘ಅಧಃಪತಿತ ಕಲೆ’ ಎಂಬ ಹಣೆಪಟ್ಟಿ ಹೊತ್ತ ಸುಮಾರು 650 ಕೃತಿಗಳು. ಗೋಡೆಯ ತುಂಬ ಅವನ್ನು ಗೇಲಿ ಮಾಡುವ ಬರಹಗಳು. ಮೊದಲನೆಯ ಮಹಾಯುದ್ಧದಲ್ಲಿ ಸ್ವತಃ ಹೋರಾಡಿದ್ದ ಆಟೋ ಡಿಕ್ಸ್, ಕೈಕಾಲು ಕಳೆದುಕೊಂಡ ಸೈನಿಕರನ್ನು ಬರೆದ ಚಿತ್ರವೂ ಅಲ್ಲಿತ್ತು. ಯುದ್ಧದ ಆ ಮುಖ ಯಾರಿಗೂ ಕಾಣಬಾರದಿತ್ತು. ಎರಡೇ ವರ್ಷಗಳಲ್ಲಿ, 1939ರಲ್ಲಿ, ಅದೇ ಆಡಳಿತ ಜಗತ್ತನ್ನು ಇನ್ನೊಂದು ಮಹಾಯುದ್ಧಕ್ಕೆ ನೂಕಿತು.

ನಮ್ಮ ನೆಲದಲ್ಲೂ ಇಂಥದ್ದು ನಡೆದಿದೆ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಚಿತ್ರಕಾರ ಚಿತ್ತಪ್ರಸಾದ್ ಆಗ ಮಿಡ್ನಾಪುರ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಕಣ್ಣಾರೆ ಕಂಡದ್ದನ್ನು ಕಪ್ಪು ರೇಖೆಗಳಲ್ಲಿ ದಾಖಲಿಸಿದರು. ಎಲುಬಿನ ಗೂಡಾದ ದೇಹಗಳ ಆ ಚಿತ್ರಗಳು ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಿಕೆಯಾಗಿ ಬಂದವು. ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡು ನಾಶ ಮಾಡಿತು. ಹಸಿವು ಅದಕ್ಕೆ ಸಹ್ಯವಾಗಿತ್ತು. ಹಸಿವಿನ ಚಿತ್ರ ಅಸಹ್ಯವಾಯಿತು.

ಹಾಗೆಂದು ವಿಕಾರವಾದುದೆಲ್ಲ ಶ್ರೇಷ್ಠ ಕಲೆಯೆಂದು ನಾನು ವಾದಿಸುತ್ತಿಲ್ಲ. ನೋಡುಗರನ್ನು ಬೆಚ್ಚಿಬೀಳಿಸುವುದನ್ನೇ ಸಾಧನೆಯೆಂದು ಬಗೆದವರು, ಪರರ ಸಂಕಟವನ್ನು ಸರಕು ಮಾಡಿಕೊಂಡವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರನ್ನು ಗುರುತಿಸುವುದು ಹೇಗೆ? ನನ್ನ ಅಳತೆಗೋಲು ಸರಳವಾದದ್ದು. ಚಿತ್ತಪ್ರಸಾದರ ರೇಖೆಯಲ್ಲಿ ಹಸಿದವರು ಕೇವಲ ಎಲುಬಿನ ಗೂಡಲ್ಲ, ಮನುಷ್ಯರು. ಅವರ ಘನತೆಗೆ ಎಲ್ಲೂ ಚ್ಯುತಿ ಬಂದಿಲ್ಲ. ಎಲ್ಲಿ ಈ ಗೌರವವಿಲ್ಲವೋ ಅಲ್ಲಿ ಕಲೆಯೂ ಇಲ್ಲ. ಹಾಗೆಯೇ, ಸುಳ್ಳು ಹೇಳುವ ಚೆಲುವೂ ಕಲೆಯಲ್ಲ. ಕಲೆಯ ನಿಜವಾದ ಕುರೂಪ ಈ ಸುಳ್ಳಿನಲ್ಲಿದೆ.

ನಮ್ಮ ನಗರದ ಮಟ್ಟಿಗೆ ಇದು ಬರೀ ಪಂಡಿತರ ಚರ್ಚೆಯಲ್ಲ. ‘ಸುಂದರೀಕರಣ’ವೆಂಬುದು ನಮ್ಮ ಆಡಳಿತಗಳಿಗೆ ಬಲು ಪ್ರಿಯವಾದ ಪದ. ಗೋಡೆಗೆ ಹಂಪಿಯ ರಥ ಬರೆಸುತ್ತೇವೆ. ಗೋಡೆಯ ಬುಡದಲ್ಲಿ ಕಸದ ರಾಶಿ ಹಾಗೆಯೇ ಬಿದ್ದಿರುತ್ತದೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿದರು. ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ಕೊಳಕು ನೀರಿನಲ್ಲಿ ನಿಜದ್ದೇ ಎನಿಸುವ ಮೊಸಳೆಯ ಪ್ರತಿಕೃತಿಯನ್ನು ಇಟ್ಟರು. ಜನ ದಿನವೂ ದಾಟಿಕೊಂಡು ಹೋಗುತ್ತಿದ್ದ ಗುಂಡಿ ರಾತ್ರಿ ಬೆಳಗಾಗುವುದರಲ್ಲಿ ಸುದ್ದಿಯಾಯಿತು. ಅವರು ಕುರೂಪವನ್ನು ಮುಚ್ಚಲಿಲ್ಲ, ಕಾಣಿಸಿದರು. ಬಣ್ಣ ಬಳಿದ ಎಷ್ಟು ಗೋಡೆಗಳು ಅಷ್ಟು ಕೆಲಸ ಮಾಡಿವೆ?

ನನ್ನ ಕಮಲದ ಕೊಳ ಈಗಲೂ ಹಜಾರದ ಗೋಡೆಯ ಮೇಲಿದೆ. ಅದರ ಎದುರೇ ಕುಳಿತು ದಿನವೂ ಕಾಫಿ ಕುಡಿಯುತ್ತೇನೆ. ಅದನ್ನು ಕಣ್ಣೆತ್ತಿ ನೋಡಿ ತಿಂಗಳುಗಳೇ ಆಗಿರಬೇಕು. ಮುದುಕಿಯ ಮುಖವನ್ನು ಕಂಡದ್ದು ಎರಡೇ ನಿಮಿಷ. ವೃದ್ಧಾಶ್ರಮದ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ಅದು ನೆನಪಾಗುತ್ತದೆ, ನನ್ನ ನಡಿಗೆ ನಿಧಾನವಾಗುತ್ತದೆ. ಪ್ರತಿ ಜನವರಿಯಲ್ಲೂ ಆ ಚಿತ್ರಕ್ಕಾಗಿ ಹುಡುಕುತ್ತೇನೆ. ಈ ಸಲ ಸಿಕ್ಕರೆ ಕೊಳ್ಳಬೇಕೆಂದಿದ್ದೇನೆ.