ನಿಯೋಗದ ಫಲ ಪೀಣ್ಯಕ್ಕೂ ತಲುಪಲಿ

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕಳೆದ ವರ್ಷ ಕೊಲಂಬೊದಿಂದ ಪಂಪ್ ಬಿಡಿಭಾಗ ಕೇಳಿ ಮೇಲ್ ಬಂತು. ‘ಸರ್ಟಿಫಿಕೇಟ್ ಆಫ್ ಒರಿಜಿನ್ ಕೊಡುತ್ತೀರಾ?’ ಎಂದಿದ್ದರು. ಅದೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಳಿದುಕೊಳ್ಳುವಷ್ಟರಲ್ಲಿ ಆರ್ಡರ್ ಕೈತಪ್ಪಿತ್ತು.

ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರಲ್ಲಿ, ಜಾರಿಯಾದದ್ದು 2000ದ ಮಾರ್ಚ್‌ನಲ್ಲಿ. ರಿಯಾಯಿತಿ ಇರುವ ಸರಕಿಗೂ, ಅದು ಭಾರತದ್ದೇ ಎನ್ನುವ ಆ ಪತ್ರವಿದ್ದರೆ ಮಾತ್ರ ಸುಂಕ ತಗ್ಗುತ್ತದೆ.

ಸರ್ಕಾರಿ ನಿಯೋಗಗಳು ಹೋಗಿಬರಲಿ, ಬೇಡವೆನ್ನುವುದಿಲ್ಲ. ಆದರೆ ಅದರಲ್ಲಿ ಸಣ್ಣ ಉದ್ಯಮಿಗಳಿಗೂ ಜಾಗವಿರಲಿ. ರಫ್ತು ಉತ್ತೇಜನಕ್ಕೆಂದೇ ಇರುವ ರಾಜ್ಯದ ವಿಟಿಪಿಸಿ ಪೀಣ್ಯದ ಶೆಡ್‌ಗಳಿಗೇ ಬಂದು ಕಾಗದಪತ್ರದ ಕೆಲಸ ಕಲಿಸಲಿ.

ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರೇ, ಈ ವಿದ್ಯೆ ನಮಗೂ ಅನ್ನ ಕೊಡಬಲ್ಲದು. ನಾನಂತೂ ಕಲಿಯಲು ಶುರುಮಾಡಿದ್ದೇನೆ.