ಮೀನಂಗಡಿಯ ಕ್ಯಾಪ್ಸೂಲ್ ವೈದ್ಯರು

ಅಕ್ವೇರಿಯಂ ಮೀನಿಗೆ ಏನೇ ಬರಲಿ, ನಮ್ಮ ಕೋಡಂಬಾಕ್ಕಂನ ಅಂಗಡಿಯವರೊಬ್ಬರದು ಒಂದೇ ಮದ್ದು: ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ಸುರೀರಿ, ನಾಳೆ ನೀರೆಲ್ಲ ಬದಲಿಸಿ!

ಅಲ್ಲ ಸ್ವಾಮಿ, ಮೈಮೇಲೆ ರವೆ ಉದುರಿಸಿದ ಹಾಗೆ ಕಾಣೋ ಬಿಳಿಚುಕ್ಕೆ ರೋಗ ಬರೋದು ಬ್ಯಾಕ್ಟೀರಿಯಾದಿಂದಲ್ಲ, ಏಕಕೋಶದ ಪರೋಪಜೀವಿಯಿಂದ. ಅದಕ್ಕೆ ಆಂಟಿಬಯಾಟಿಕ್ ಏನು ಮಾಡೀತು? ಸಾಲದ್ದಕ್ಕೆ ನಮ್ಮ ಬೋರ್ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ನನ್ನು ಹಿಡಿದುಕೊಂಡು ಅದರ ಶಕ್ತಿಯನ್ನೇ ಕುಂದಿಸುತ್ತೆ. ಆ ಜೀವಿ ಮೀನಿನ ಚರ್ಮದೊಳಗೆ ಅಡಗಿರುವಾಗ ನೀರಿಗೆ ಹಾಕೋ ಮದ್ದು ತಟ್ಟೋದಿಲ್ಲ. ತಳಕ್ಕುದುರಿ, ಒಡೆದು, ನೂರಾರು ಮರಿಗಳಾಗಿ ಈಜುವಾಗಲೇ ಹೊಡೀಬೇಕು. ಅದಕ್ಕೇ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಮದ್ದು ನಿಲ್ಲಿಸಬಾರದು. (ಚೆನ್ನೈ ಸೆಕೆ ಇಲ್ಲೊಂದು ಉಪಕಾರ ಮಾಡುತ್ತೆ: ಬಿಸಿ ನೀರಲ್ಲಿ ಅದರ ಜೀವನಚಕ್ರ ಬೇಗ ಮುಗಿಯುತ್ತೆ.)

ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟರೂ ಅದೇ ಕ್ಯಾಪ್ಸೂಲ್. ಅದು ರೋಗವೇ ಅಲ್ಲದೆ ಅಮೋನಿಯಾ ಇರಬಹುದಲ್ಲ? ಹೊಸ ಟ್ಯಾಂಕಿನಲ್ಲಿ ಅಮೋನಿಯಾ ಅರಗಿಸೋ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕಾರು ವಾರ ಬೇಕು. ಆಂಟಿಬಯಾಟಿಕ್ ಅವಕ್ಕೇ ಕುತ್ತು ತರಬಹುದು. ಅಮೋನಿಯಾ ಕಿಟ್ ಕೇಳಿದರೆ "ಅದೆಲ್ಲಾಂ ಯಾರುಂ ವಾಂಗಮಾಟ್ಟಾಂಗ ಸಾರ್" ಅಂತಾರೆ. ಬಣ್ಣದ ಮೀನಿಗೆ ಹೆಸರಾದ ಕೊಳತ್ತೂರು ಇದೇ ಊರಲ್ಲಿದೆ, ಪೊನ್ನೇರಿಯಲ್ಲಿ ಮೀನುಗಾರಿಕೆ ಕಾಲೇಜೇ ಇದೆ. ಡಬ್ಬಿಗಟ್ಟಲೆ ಕ್ಯಾಪ್ಸೂಲ್ ಇಡೋರಿಗೆ ಒಂದು ಕಿಟ್ ಇಡೋಕೆ ಜಾಗ ಇಲ್ವಾ?